ಕೀಳೋದು ಪುಕ್ಕಟೆ, ಉಳಿಸೋದು ದುಬಾರಿ: ಮೂರು ಕಡೆ ಹಲ್ಲು ತೋರಿಸಿದವರ ಲೆಕ್ಕ

ತೀರ್ಥಹಳ್ಳಿ ಕಡೆಯವರಿಗೆ ಹಲ್ಲುನೋವು ಬಂದರೆ ಹೋಗಲು ಮೂರು ದಾರಿ. ತಾಲ್ಲೂಕು ಆಸ್ಪತ್ರೆ, ದಂತ ಕಾಲೇಜು, ಇಲ್ಲವೇ ಪೇಟೆಯ ಖಾಸಗಿ ಕ್ಲಿನಿಕ್. ಲವಂಗದೆಣ್ಣೆ ಲೆಕ್ಕಕ್ಕಿಲ್ಲ, ಅದನ್ನು ಎಲ್ಲರೂ ಮೊದಲೇ ಹಚ್ಚಿ ನೋಡಿರುತ್ತಾರೆ. ನಮ್ಮ ಮನೆಯವರು ಈ ಮೂರೂ ಕಡೆ ಬಾಯಿ ತೆರೆದು ಕೂತಿದ್ದೇವೆ. ನನಗೆ ಕಂಡಿದ್ದು ಇಷ್ಟು. ಸರ್ಕಾರದ ದುಡ್ಡಿನ ಚಿಕಿತ್ಸೆ ಹಲ್ಲು ಕೀಳಿಸುವಾಗ ಚೆನ್ನಾಗಿದೆ. ಎಲ್ಲ ಹಲ್ಲೂ ಹೋದ ಮೇಲೆ ಸೆಟ್ ಕಟ್ಟಿಸುವಾಗಲೂ ಚೆನ್ನಾಗಿದೆ. ನಡುವಿನ ಕೆಲಸ, ಅಂದರೆ ಇರುವ ಹಲ್ಲನ್ನು ಉಳಿಸಿಕೊಳ್ಳೋದನ್ನು ಮಾತ್ರ ನಮ್ಮ ಜೇಬಿಗೆ ಬಿಟ್ಟಿದ್ದಾರೆ.

ಕೀಳಿಸುವುದು

ನನ್ನ ಕೆಳಗಿನ ದವಡೆ ಹಲ್ಲು ಕೀಳಿಸಿದ್ದು ಸರ್ಕಾರಿ ಆಸ್ಪತ್ರೆಯಲ್ಲಿ. ತಮ್ಮನ ಹಲ್ಲು ಖಾಸಗಿಯಲ್ಲಿ. ನನಗೆ ಚೀಟಿ ದುಡ್ಡು ಬಿಟ್ಟರೆ ಖರ್ಚಿಲ್ಲ, ಮಾತ್ರೆಯೂ ಅಲ್ಲೇ ಸಿಕ್ಕಿತು. ಅವನಿಗೆ ಎಕ್ಸ್‌ರೇ, ಮಾತ್ರೆ ಸೇರಿ ಸಾವಿರದ ಮೇಲಾಯಿತು. ಮರಗಟ್ಟಿಸುವ ಇಂಜೆಕ್ಷನ್ ಎರಡೂ ಕಡೆ ಅದೇ ಲಿಗ್ನೋಕೇನ್. ಕಚ್ಚಿಕೊಳ್ಳಲು ಕೊಟ್ಟ ಹತ್ತಿಯೂ ಅದೇ. ಇಷ್ಟಕ್ಕೆ ಖಾಸಗಿಗೆ ಹೋಗೋದು ಸುಮ್ನೆ ದಂಡ ಅನ್ನೋದು ನನ್ನ ಅಭಿಪ್ರಾಯ. ಬುದ್ಧಿಹಲ್ಲು ಅಡ್ಡ ಬೆಳೆದು ಮೂಳೆಯೊಳಗೆ ಕೂತಿದ್ದರೆ ಮಾತು ಬೇರೆ. ಅದನ್ನು ತಾಲ್ಲೂಕಿನಲ್ಲಿ ಸಾಮಾನ್ಯವಾಗಿ ಮುಟ್ಟಲ್ಲ, ಶಿವಮೊಗ್ಗಕ್ಕೆ ಬರೆದುಕೊಡುತ್ತಾರೆ.

ಸರ್ಕಾರಿ ಡಾಕ್ಟರು ಕೀಳೋದಕ್ಕೇ ಯಾಕೆ ಮುಂದಾಗುತ್ತಾರೆ ಅಂತ ಬೈಯುವವರು ಜಾಸ್ತಿ. ಹೊರಗೆ ಕಾಯುತ್ತಾ ಕೂತಾಗ ನನಗೆ ಕಾರಣ ಹೊಳೆಯಿತು. ಹಲ್ಲು ಕೊರೆಯುವ ಯಂತ್ರ ಓಡೋದು ಗಾಳಿಯ ಒತ್ತಡದಿಂದ. ಗಾಳಿಗೆ ಕಂಪ್ರೆಸರ್ ಬೇಕು, ಕಂಪ್ರೆಸರ್‌ಗೆ ಕರೆಂಟು ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ, ಒಂದು ಮರ ಲೈನಿನ ಮೇಲೆ ಬಿದ್ದರೆ ಮುಗೀತು. ಇಕ್ಕಳಕ್ಕೆ ಕರೆಂಟು ಬೇಡ. ಹೊರಗೆ ಉದ್ದ ಸಾಲು, ಒಳಗೆ ಒಬ್ಬರೇ ಡಾಕ್ಟರು. ಒಂದು ರೂಟ್ ಕೆನಾಲ್‌ಗೆ, ಅಂದರೆ ಬೇರಿನೊಳಗಿನ ಕಾಲುವೆ ಚೊಕ್ಕ ಮಾಡಿ ತುಂಬುವ ಕೆಲಸಕ್ಕೆ, ಕೂತರೆ ಆ ಹೊತ್ತಿನಲ್ಲಿ ಹತ್ತು ಜನ ವಾಪಸ್ ಹೋಗಬೇಕು.

ಆ ಡಾಕ್ಟರು ಒಂದು ಕೆಲಸ ಮಾತ್ರ ತಪ್ಪದೆ ಮಾಡುತ್ತಿದ್ದರು. ಕವಳ, ಅಂದರೆ ಎಲೆ ಅಡಿಕೆ, ಹಾಕುವ ಪ್ರತಿಯೊಬ್ಬರ ಕೆನ್ನೆಯ ಒಳಭಾಗವನ್ನು ಟಾರ್ಚ್ ಹಿಡಿದು ನೋಡುವುದು. ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹೋಗುತ್ತಾ ಅಂತ ಕೇಳುವುದು. ಹೋಗದಿದ್ದರೆ ಕೆನ್ನೆ ಬಿಗಿಯಾಗುತ್ತಿದೆ, ಮುಂದೆ ಅದು ಕ್ಯಾನ್ಸರಿಗೂ ತಿರುಗಬಹುದು ಅಂತ ಅರ್ಥ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿದ್ದು 2004ರಲ್ಲಿ. ಅಡಿಕೆಯ ಅನ್ನ ತಿನ್ನುವ ಊರಿನಲ್ಲಿ ಈ ಮಾತು ಯಾರಿಗೂ ರುಚಿಸಲ್ಲ, ನನಗೂ ಕೂಡ. ಆದರೆ ನಾನು ಹೋದ ಖಾಸಗಿ ಕ್ಲಿನಿಕ್ಕಿನಲ್ಲಿ ಈ ಮೂರು ಬೆರಳಿನ ಪರೀಕ್ಷೆ ಯಾರೂ ಮಾಡಲಿಲ್ಲ.

ಉಳಿಸುವುದು

ಇಲ್ಲಿ ನನಗೆ ನೇರ ಹೋಲಿಕೆಯೇ ಇದೆ. ಒಂದು ರೂಟ್ ಕೆನಾಲ್ ಶಿವಮೊಗ್ಗದ ದಂತ ಕಾಲೇಜಿನಲ್ಲಿ, ಇನ್ನೊಂದು ಖಾಸಗಿಯಲ್ಲಿ.

ಕಾಲೇಜಿನಲ್ಲಿ ಮಾಡುವವರು ವಿದ್ಯಾರ್ಥಿಗಳು. ಹೆದರಬೇಡಿ. ಕೊರೆದ ಮೇಲೆ ಪಾಠ ಹೇಳುವ ಮೇಡಂಗೆ ತೋರಿಸಬೇಕು, ಬೇರಿನ ಉದ್ದ ಅಳೆದ ಮೇಲೆ ತೋರಿಸಬೇಕು, ತುಂಬುವ ಮೊದಲು ತೋರಿಸಬೇಕು. ಪ್ರತಿ ಹಂತಕ್ಕೂ ಎಕ್ಸ್‌ರೇ. ಖಾಸಗಿಯಲ್ಲಿ ಎರಡು ಸಲ ಕೂತು ಮುಗಿದ ಕೆಲಸ ಇಲ್ಲಿ ವಾರಗಟ್ಟಲೆ ಎಳೆಯಿತು. ನಡುವೆ ನನ್ನ ಹಲ್ಲು ನೋಡುತ್ತಿದ್ದ ವಿದ್ಯಾರ್ಥಿನಿಗೆ ಪರೀಕ್ಷೆ ಬಂತು, ನನ್ನ ಹಲ್ಲು ತಾತ್ಕಾಲಿಕ ಸಿಮೆಂಟಿನಲ್ಲೇ ಕಾಯಿತು. ಕ್ಯಾಪ್ ಸೇರಿ ಖಾಸಗಿಯಲ್ಲಿ ಹತ್ತು ಸಾವಿರದ ಹತ್ತಿರ ಹೋಯಿತು. ಕಾಲೇಜಿನಲ್ಲಿ ಅದರ ಅರ್ಧವೂ ಆಗಲಿಲ್ಲ.

ಆದರೆ ಬಸ್ಸಿನ ದುಡ್ಡು ಸೇರಿಸಿ ನೋಡಬೇಕಲ್ವಾ? ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ಯೋಜನೆಯ ಪುಕ್ಕಟೆ ಟಿಕೆಟ್ ನಡೆಯಲ್ಲ. ಹೋದ ದಿನ ಪೂರ್ತಿ ಹೋಯಿತು ಅಂತಲೇ ಲೆಕ್ಕ. ಅಡಿಕೆ ಕೊನೆಕೊಯ್ಲಿನ ಹೊತ್ತಿನಲ್ಲಾದರೆ ಉಳಿದ ದುಡ್ಡೆಲ್ಲ ಅಲ್ಲಿಗೇ ಸರಿಹೋಗುತ್ತದೆ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವವರದ್ದೂ ಇದೇ ಲೆಕ್ಕ.

ಇನ್ನೊಂದು ವ್ಯತ್ಯಾಸ ದುಡ್ಡಿನದ್ದಲ್ಲ. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನನಗೆ ಮೂರು ಹಲ್ಲಿಗೆ ರೂಟ್ ಕೆನಾಲ್ ಆಗಬೇಕು ಅಂದಿದ್ದರು. ಕಾಲೇಜಿನಲ್ಲಿ ಅದೇ ಬಾಯಿ ನೋಡಿ, ಒಂದಕ್ಕೆ ಮಾತ್ರ ಸಾಕು, ಉಳಿದೆರಡಕ್ಕೆ ಸಿಮೆಂಟ್ ತುಂಬಿದರೆ ಆಯಿತು ಅಂದರು. ಆ ಎರಡೂ ಹಲ್ಲು ಇವತ್ತಿಗೂ ಅಪ್ಪೆಮಿಡಿ ಕಡಿಯುತ್ತಿವೆ. ಎಲ್ಲ ಖಾಸಗಿಯವರೂ ಹೀಗೆ ಅಂತಲ್ಲ. ಆದರೆ ಕುರ್ಚಿ, ಬಾಡಿಗೆ, ಬ್ಯಾಂಕಿನ ಕಂತು ಎಲ್ಲ ನಮ್ಮ ಹಲ್ಲಿನಿಂದಲೇ ಹುಟ್ಟಬೇಕಾದಾಗ ಕೆಲಸ ಕೊಂಚ ಹೆಚ್ಚೇ ಕಾಣಿಸಬಹುದು. ಸಂಬಳದ ಡಾಕ್ಟರಿಗೆ ಆ ಒತ್ತಡ ಇಲ್ಲ. ಅವರಿಗೆ ಇರುವುದು ಸಾಲಿನ ಒತ್ತಡ, ಅದು ಉಳಿಯುವ ಹಲ್ಲನ್ನೂ ಕೀಳಿಸಿಬಿಡಬಹುದು. ಎರಡರ ನಡುವೆ ಕಾಲೇಜೇ ನನಗೆ ನಂಬಿಕೆಯ ಜಾಗ ಅನ್ನಿಸಿತು, ಮುಖ್ಯವಾಗಿ ಮೂರ್ನಾಲ್ಕು ಕಾಲುವೆ ಇರುವ ಮೇಲಿನ ದವಡೆ ಹಲ್ಲಿಗೆ. ತುರ್ತಿದ್ದರೆ ಮಾತ್ರ ಖಾಸಗಿ.

ಆಯುಷ್ಮಾನ್ ಕಾರ್ಡ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇರುವ ಆ ಸೌಲಭ್ಯ ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ. ಬಾಯಿ ಕ್ಯಾನ್ಸರಿನ ಆಪರೇಷನ್‌ಗೆ ಅದು ದೊಡ್ಡ ಆಸರೆ. ಕುರ್ಚಿಯಲ್ಲಿ ಕೂರಿಸಿ ಮಾಡಿ ಕಳಿಸುವ ರೂಟ್ ಕೆನಾಲ್‌ಗೆ ಅದನ್ನು ನಂಬಿಕೊಂಡು ಹೋಗಬೇಡಿ.

ಸೆಟ್ ಕಟ್ಟಿಸುವುದು

ದೊಡ್ಡಮ್ಮನಿಗೆ ಬಿಪಿಎಲ್ ಕಾರ್ಡು, ಅಮ್ಮನಿಗೆ ಇಲ್ಲ. ಹಾಗಾಗಿ ಅಕ್ಕನದ್ದು ಬಿಪಿಎಲ್‌ನವರಿಗೆ ಸರ್ಕಾರ ಪುಕ್ಕಟೆ ಕೊಡುವ ದಂತ ಭಾಗ್ಯ ಯೋಜನೆಯ ಸೆಟ್, ತಂಗಿಯದ್ದು ದುಡ್ಡು ಕೊಟ್ಟು ಕಟ್ಟಿಸಿದ ಸೆಟ್. ದಂತ ಭಾಗ್ಯ 2014-15ರಲ್ಲಿ ಶುರುವಾದಾಗ 60 ದಾಟಿದವರಿಗೆ ಮಾತ್ರ ಇತ್ತು, ಆಮೇಲೆ ವಯಸ್ಸನ್ನು 45ಕ್ಕೆ ಇಳಿಸಿದರು. ಸೆಟ್ ಮಾಡಿಕೊಡುವುದು ದಂತ ಕಾಲೇಜುಗಳು, ದುಡ್ಡು ಸರ್ಕಾರದ್ದು.

ಇಬ್ಬರದ್ದೂ ಅಕ್ರಿಲಿಕ್ ಸೆಟ್. ಅಚ್ಚು ತೆಗೆಯೋದು, ಮೇಣ ಕಚ್ಚಿಸಿ ಎತ್ತರ ನೋಡೋದು, ಮೇಣದಲ್ಲೇ ಹಲ್ಲು ಜೋಡಿಸಿ ತೋರಿಸೋದು, ಕೊನೆಗೆ ಕೊಡೋದು, ಹಂತಗಳೂ ಅವೇ. ಅಮ್ಮನಿಗೆ ಇಪ್ಪತ್ತು ಸಾವಿರದ ಹತ್ತಿರ ಖರ್ಚಾಯಿತು. ಹಲ್ಲಿನ ಬಣ್ಣ ಸ್ವಲ್ಪ ಚೆನ್ನಾಗಿದೆ, ಅಷ್ಟೇ. ಕೆಳಗಿನ ಸೆಟ್ ಇಬ್ಬರಿಗೂ ಅಲ್ಲಾಡುತ್ತದೆ. ಅದು ಮಾಡಿದವರ ತಪ್ಪಲ್ಲ. ಮೇಲಿನದಕ್ಕೆ ಅಂಗುಳದ ಹಿಡಿತ ಸಿಗುತ್ತದೆ, ಕೆಳಗೆ ನಾಲಿಗೆ ತಳ್ಳುತ್ತಲೇ ಇರುತ್ತದೆ.

ವ್ಯತ್ಯಾಸ ಬಂದಿದ್ದು ಕೊಟ್ಟ ಮೇಲೆ. ಹೊಸ ಸೆಟ್ ಎಲ್ಲೋ ಒಂದು ಕಡೆ ಒಸಡು ಉಜ್ಜಿ ಹುಣ್ಣು ಮಾಡುತ್ತದೆ, ಅಲ್ಲಿ ಕೆರೆದು ಸರಿಮಾಡಿಸಬೇಕು. ಅಮ್ಮ ಪೇಟೆಗೆ ಹೋದಾಗಲೆಲ್ಲ ಕ್ಲಿನಿಕ್ ಹೊಕ್ಕು ಐದು ನಿಮಿಷದಲ್ಲಿ ಮಾಡಿಸಿಕೊಂಡು ಬಂದರು. ದೊಡ್ಡಮ್ಮನಿಗೆ ಅಷ್ಟಕ್ಕೆ ಶಿವಮೊಗ್ಗದವರೆಗೆ ಹೋಗಬೇಕು, ಜೊತೆಗೆ ಒಬ್ಬರು ಬೇಕು. ನಾನು ಕರೆದುಕೊಂಡು ಹೋಗಿದ್ದಕ್ಕೆ ಆಯಿತು. ಇಲ್ಲದಿದ್ದರೆ ಸೆಟ್ ಲೋಟದ ನೀರಿನಲ್ಲೇ ಇರುತ್ತಿತ್ತು. ಹಾಗೆ ಬಿಟ್ಟವರು ನಮ್ಮ ಊರಿನಲ್ಲೇ ಇದ್ದಾರೆ. ಯೋಜನೆ ಕಟ್ಟುವವರು ಈ ಕೆರೆಯುವ ಕೆಲಸವನ್ನಾದರೂ ತಾಲ್ಲೂಕು ಆಸ್ಪತ್ರೆಗೆ ವಹಿಸಬಹುದಿತ್ತು.

ಪುಕ್ಕಟೆ ಸೆಟ್ ಕೊಡುವ ಯೋಚನೆ ನಮ್ಮಲ್ಲೇ ಹುಟ್ಟಿದ್ದಲ್ಲ. ಬ್ರಿಟನ್ನಿನಲ್ಲಿ 1948ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಶುರುವಾದಾಗ ಹಲ್ಲು ಸೆಟ್ಟಿಗೆ ಜನ ಮುಗಿಬಿದ್ದರು. ಖರ್ಚು ತಡೆಯಲಾರದೆ 1951ರಲ್ಲಿ ಅದಕ್ಕೆ ಶುಲ್ಕ ಹಾಕಿದರು.

ಮಕ್ಕಳದ್ದು

ನಡುವಿನ ಕೆಲಸವನ್ನೂ ಸರ್ಕಾರ ಚೆನ್ನಾಗಿ ಮಾಡಿದ್ದು ಮಗಳ ವಿಷಯದಲ್ಲಿ ಮಾತ್ರ. ಶಾಲೆಗೆ ಬಂದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅವಳ ಹಲ್ಲು ನೋಡಿ ಚೀಟಿ ಬರೆದುಕೊಟ್ಟಿತು. ಹುಳುಕು ಹಿಡಿದಿದ್ದು ಆರನೇ ವರ್ಷಕ್ಕೆ ಹುಟ್ಟುವ ಶಾಶ್ವತ ದವಡೆ ಹಲ್ಲು. ನಾವು ಅದನ್ನು ಹಾಲುಹಲ್ಲು, ಬಿದ್ದು ಹೋಗುತ್ತದೆ ಅಂದುಕೊಂಡಿದ್ದೆವು. ತಾಲ್ಲೂಕು ಆಸ್ಪತ್ರೆಯಲ್ಲಿ ಅವತ್ತೇ ಸಿಮೆಂಟ್ ತುಂಬಿ ಕಳಿಸಿದರು, ದುಡ್ಡು ಕೇಳಲಿಲ್ಲ. ಹುಳುಕಾಗದ ಬೇರೆ ದವಡೆ ಹಲ್ಲುಗಳ ಗೆರೆಗಳಿಗೆ ಹುಳುಕು ಹಿಡಿಯದಂತೆ ಮುಚ್ಚುವ ಸೀಲೆಂಟ್ ಹಚ್ಚಿದರೆ ಒಳ್ಳೆಯದು, ಆದರೆ ಸ್ಟಾಕ್ ಇಲ್ಲ ಅಂದರು. ಅದನ್ನು ಶಿವಮೊಗ್ಗದಲ್ಲಿ ದುಡ್ಡು ಕೊಟ್ಟು ಹಚ್ಚಿಸಿದೆವು.