ಲೆಮೂರ್ ಅಂಗಳಕ್ಕೆ ಹೋದವರು ದಿಮ್ಮಿಯಡಿಯನ್ನೂ ನೋಡಬೇಕು

ಇಂಗ್ಲೆಂಡಿನಲ್ಲಿ ನಾವಿರುವ ಊರಿಗೆ ಹತ್ತಿರದ ಮೃಗಾಲಯವೊಂದರ ಲೆಮೂರ್ (ಕೋತಿಗಳ ದೂರದ ಬಳಗದ ಪ್ರಾಣಿ) ಅಂಗಳಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಬೇಲಿ, ಗಾಜುಗಳ ಅಡ್ಡಿಯಿಲ್ಲದೆ ಪ್ರಾಣಿಗಳ ನಡುವೆಯೇ ನಡೆದಾಡಬಹುದಾದ ಆ ವ್ಯವಸ್ಥೆಯಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಉಂಗುರಬಾಲದ ಲೆಮೂರ್‌ಗಳು ಕೈಗಳನ್ನು ಮೊಣಕಾಲುಗಳ ಮೇಲೆ ಚಾಚಿ, ಎಳೆಬಿಸಿಲಿಗೆ ಹೊಟ್ಟೆಯೊಡ್ಡಿ ಕುಳಿತಿದ್ದುದನ್ನು ನಾಲ್ಕೇ ಅಡಿ ದೂರದಿಂದ ನೋಡಿದೆವು. ಗುಂಪಿನಲ್ಲಿ ಹೆಣ್ಣುಗಳದ್ದೇ ಯಜಮಾನಿಕೆ. ಹಣ್ಣಿನ ತಟ್ಟೆಗೆ ಕೈಹಾಕಲು ಬಂದ ಗಂಡೊಂದು ಹೆಣ್ಣು ಕತ್ತೆತ್ತಿದ ಕೂಡಲೇ ಹಿಂದೆ ಸರಿಯಿತು. ಲೆಮೂರ್‌ಗಳ ತವರು ಮಡಗಾಸ್ಕರ್ ಎಂಬುದನ್ನೂ, ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ 2020ರ ಪಟ್ಟಿಯಂತೆ ಅವುಗಳ 107 ಪ್ರಭೇದಗಳಲ್ಲಿ 103 ಅಳಿವಿನ ಭೀತಿ ಎದುರಿಸುತ್ತಿವೆ ಎಂಬುದನ್ನೂ ಸಿಬ್ಬಂದಿ ಕಳಕಳಿಯಿಂದ ವಿವರಿಸಿದರು. ನಮ್ಮ ತುಮಕೂರು ಸೀಮೆಯ ಕಾಡುಪಾಪವೂ ಇವುಗಳ ದೂರದ ನೆಂಟನೇ. ಎರಡಕ್ಕೂ ಕೆಳದವಡೆಯ ಮುಂದಿನ ಹಲ್ಲುಗಳು ಬಾಚಣಿಗೆಯಂತೆ ಜೋಡಿಸಿಕೊಂಡಿವೆ.

ಹೊರಡುವ ಹೊತ್ತಿಗೆ ಮಗಳು ದಾರಿಯಂಚಿನ ಕೊಳೆತ ದಿಮ್ಮಿಯನ್ನು ಸರಿಸಿ, "ಅಪ್ಪಾ, ಇಲ್ಲಿ ನೋಡು" ಎಂದಳು. ಬೂದುಬಣ್ಣದ ವುಡ್‌ಲೌಸ್ ಒಂದು ಅವಳ ಬೆರಳು ತಾಗಿದ್ದೇ ತಡ, ಕೊತ್ತಂಬರಿ ಕಾಳಿನಂತೆ ಉಂಡೆಯಾಯಿತು. ಹುಳುವೆಂದು ನಾವು ಕರೆದರೂ ಅದು ಕೀಟವಲ್ಲ, ಏಳು ಜೊತೆ ಕಾಲುಗಳ, ಏಡಿ ಸಿಗಡಿಗಳ ಬಳಗದ ಜೀವಿ. ಅದರ ಪೂರ್ವಿಕರು ನೀರು ಬಿಟ್ಟು ನೆಲಕ್ಕೆ ಬಂದು ಯುಗಗಳೇ ಕಳೆದಿದ್ದರೂ ಉಸಿರಾಡಲು ಇಂದಿಗೂ ತೇವ ಬೇಕೇ ಬೇಕಾದುದರಿಂದ, ಲೆಮೂರ್ ಹಂಬಲಿಸುವ ಅದೇ ಬಿಸಿಲು ಇದಕ್ಕೆ ಪ್ರಾಣಕಂಟಕ. ಪಕ್ಕದಲ್ಲಿದ್ದ ಇನ್ನೊಂದರ ಹಿಂದಿನ ಅರ್ಧ ಮಾತ್ರ ತಿಳಿಬಣ್ಣಕ್ಕಿತ್ತು. ವುಡ್‌ಲೌಸ್ ತನ್ನ ಚಿಪ್ಪನ್ನು ಒಂದೇ ಸಲ ಕಳಚುವುದಿಲ್ಲ. ಮೊದಲು ಹಿಂಭಾಗವನ್ನೂ ಕೆಲವು ದಿನಗಳ ಬಳಿಕ ಮುಂಭಾಗವನ್ನೂ ಕಳಚುತ್ತದೆ. ಲೆಮೂರ್ ತಾಯಿ ಮರಿಯನ್ನು ಮೊದಲು ಹೊಟ್ಟೆಗೆ, ಆಮೇಲೆ ಬೆನ್ನಿಗೆ ಅಂಟಿಸಿಕೊಂಡು ತಿರುಗಿದರೆ, ಈ ಪುಟ್ಟ ತಾಯಿ ಹೊಟ್ಟೆಯಡಿ ದ್ರವ ತುಂಬಿದ ಚೀಲದಲ್ಲಿ ಮೊಟ್ಟೆಗಳನ್ನು ಹೊತ್ತು, ಅಲ್ಲಿಯೇ ಮರಿಮಾಡುತ್ತದೆ.

ಕಾಪಾಡುವ ತುರ್ತು ಲೆಮೂರ್‌ಗೇ ಹೆಚ್ಚೆಂಬುದರಲ್ಲಿ ಅನುಮಾನವಿಲ್ಲ. ಆದರೆ ದೇಹರಚನೆಯ ಬೆರಗಿನಲ್ಲಿ ನನ್ನ ಮಟ್ಟಿಗೆ ವುಡ್‌ಲೌಸ್‌ನ ತೂಕವೇ ಒಂದು ಗುಂಜಿ ಹೆಚ್ಚು. ಲೆಮೂರ್‌ಗಳ ಬಗ್ಗೆ ಐದು ಫಲಕ ಹಾಕಿರುವ ಮೃಗಾಲಯವು ಇದರ ಬಗ್ಗೆ ಒಂದು ಸಾಲೂ ಬರೆದಿಲ್ಲದಿರುವುದು ನನಗೆ ಬೇಸರ ತಂದ ಏಕೈಕ ಕೊರತೆ. ಸಲಹಾ ಪುಸ್ತಕದಲ್ಲಿ ಅದನ್ನು ಬರೆದಿಟ್ಟು ಬಂದಿದ್ದೇನೆ. ಹೋಗುವವರು ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಲೆಮೂರ್‌ಗಳು ಬಿಸಿಲು ಕಾಯುವುದನ್ನು ನೋಡಿ. ಸರಿಸಿದ ದಿಮ್ಮಿಯನ್ನು ಇದ್ದಂತೆಯೇ ಮೆಲ್ಲನೆ ಮುಚ್ಚಿ ಬನ್ನಿ.