ಎತ್ತುವ ಸೇತುವೆಯ ಮಾದರಿ ಕಿಟ್: ಸೇತುವೆ ಏಳುತ್ತದೆ, ಯಾವಾಗ ಏಳಬೇಕೆಂಬುದು ಅದಕ್ಕೆ ಗೊತ್ತಿಲ್ಲ

ಹಾಸನದ ಪೇಟೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳನ್ನು ಮಾರುವ ಅಂಗಡಿಯೊಂದರಿಂದ ನಮ್ಮ ಪ್ರೌಢಶಾಲೆಯ ವಿಜ್ಞಾನ ಸಂಘಕ್ಕೆಂದು ಈ ವರ್ಷ ಕೊಂಡ ಎತ್ತುವ ಸೇತುವೆಯ ಮಾದರಿ ಕಿಟ್ಟಿನ ವಿಮರ್ಶೆ ಇದು. ಬೆಲೆ ಎರಡು ಸಾವಿರ ರೂಪಾಯಿಗೆ ತುಸು ಕಡಿಮೆ. ಪೆಟ್ಟಿಗೆಯ ಮೇಲೆ ‘ಸಂಪೂರ್ಣ ಸಂಚಾರ ನಿಯಂತ್ರಣ ವ್ಯವಸ್ಥೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಹೇಮಾವತಿಯಲ್ಲಾಗಲಿ ಯಗಚಿಯಲ್ಲಾಗಲಿ ಸೇತುವೆ ಎತ್ತಿ ದಾರಿ ಬಿಡಬೇಕಾದಂಥ ಹಡಗು ಬರುವುದಿಲ್ಲವಾದ್ದರಿಂದ, ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಏಕೆ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಆದರೆ ಒಂದೇ ಜಾಗದಲ್ಲಿ ಎರಡು ಬಗೆಯ ಸಂಚಾರ ಹಾಯಬೇಕಾದಾಗ ಯಾರು ಮೊದಲು, ಯಾರು ಕಾಯಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ರೈಲ್ವೆ ಗೇಟಿನ ಮುಂದೆ ಸೈಕಲ್ ಹಿಡಿದು ನಿಂತ ಮಕ್ಕಳಿಗೆಲ್ಲ ಗೊತ್ತಿರುವುದೇ. ಆ ಪ್ರಶ್ನೆಗೆ ಕಿಟ್ ಎಷ್ಟರಮಟ್ಟಿಗೆ ಉತ್ತರ ಕೊಡುತ್ತದೆ ಎಂಬುದನ್ನೇ ನಾನು ಇಲ್ಲಿ ಮುಖ್ಯವಾಗಿ ನೋಡಿದ್ದೇನೆ.

ಮೊದಲು ಸಾಮಾನಿನ ಗುಣಮಟ್ಟ. ಲೇಸರಿನಲ್ಲಿ ಕತ್ತರಿಸಿದ ಪ್ಲೈವುಡ್ ತುಂಡುಗಳು, ಪ್ರೋಗ್ರಾಂ ತುಂಬಿಸಿ ಇಡೀ ಮಾದರಿಯನ್ನು ನಡೆಸುವ ಆರ್ಡುಯಿನೊ ಊನೊ ಮಾದರಿಯ ಪುಟ್ಟ ಕಂಪ್ಯೂಟರ್ ಬೋರ್ಡ್, ಸೇತುವೆಯ ಎರಡು ಹಲಗೆಗಳನ್ನು ಎತ್ತಲು ಹೇಳಿದಷ್ಟೇ ಕೋನಕ್ಕೆ ತಿರುಗಿ ನಿಲ್ಲುವ ಎರಡು ಪುಟ್ಟ ಸರ್ವೋ ಮೋಟರುಗಳು, ರಸ್ತೆಯ ಎರಡು ಕಡೆಯ ಅಡ್ಡಗಂಬಗಳಿಗೆ ಇನ್ನೆರಡು, ದೋಣಿಯನ್ನು ಗುರುತಿಸಲು ನಮ್ಮ ಕಿವಿಗೆ ಕೇಳದ ಶಬ್ದ ಬಿಟ್ಟು ಅದರ ಪ್ರತಿಧ್ವನಿಯಿಂದ ಎದುರಿನ ವಸ್ತುವನ್ನು ಕಂಡುಹಿಡಿಯುವ ಎರಡು ಅಲ್ಟ್ರಾಸಾನಿಕ್ ಸೆನ್ಸರುಗಳು, ಕೆಂಪು ಮತ್ತು ಹಸಿರು ಎಲ್‌ಇಡಿ ದೀಪಗಳು, ಒಂದು ಬಜರ್, ಜಂಪರ್ ವೈರುಗಳ ಕಟ್ಟು ಮತ್ತು ನೀರು ತುಂಬಲು ಉದ್ದನೆಯ ಪ್ಲಾಸ್ಟಿಕ್ ತಟ್ಟೆ ಪೆಟ್ಟಿಗೆಯಲ್ಲಿ ಇವೆ. ಮರದ ಕೆಲಸ ಅಚ್ಚುಕಟ್ಟಾಗಿದೆ. ತುಂಡುಗಳು ಒಂದಕ್ಕೊಂದು ಬಿಗಿಯಾಗಿ ಕೂರುವುದರಿಂದ ಅಂಟು ಬೇಕಾಗುವುದೇ ಕಡಿಮೆ. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಪ್ರತಿ ಹಲಗೆಯ ಹಿಂಬದಿಯಲ್ಲಿ ನಟ್ಟುಗಳನ್ನು ತುಂಬಲು ಮಾಡಿರುವ ಸಣ್ಣ ಗೂಡು. ಅದನ್ನು ಖಾಲಿ ಬಿಟ್ಟರೆ ಮೋಟರ್ ಗುಂಯ್‌ಗುಡುತ್ತ ಒದ್ದಾಡುತ್ತದೆ. ನಟ್ಟುಗಳನ್ನು ಒಂದೊಂದಾಗಿ ಹಾಕುತ್ತ ಹೋದಂತೆ ಹಲಗೆ ಹಗುರಾಗಿ, ಕೊನೆಗೆ ಕಿರುಬೆರಳಿನಲ್ಲಿ ಮುಟ್ಟಿದರೂ ಏಳುತ್ತದೆ. ನಿಜವಾದ ಸೇತುವೆಗಳಲ್ಲಿ ಸಾವಿರಾರು ಟನ್ ಉಕ್ಕನ್ನು ಸಾಧಾರಣ ಶಕ್ತಿಯ ಯಂತ್ರಗಳು ಎತ್ತುವುದು ಇದೇ ಪ್ರತಿಭಾರದ ಬಲದಿಂದ. ಒಂಬತ್ತನೆಯ ತರಗತಿಯ ಸನ್ನೆಕೋಲಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ತಯಾರಕರು ಜಿಪುಣತನ ತೋರಿಸಿದ್ದಾರೆ. ಕೊಟ್ಟಿರುವುದು ಒಂಬತ್ತು ವೋಲ್ಟಿನ ಚಿಕ್ಕ ಚೌಕ ಬ್ಯಾಟರಿ. ನಾಲ್ಕು ಸರ್ವೋಗಳು ಒಟ್ಟಿಗೆ ಹೊರಟ ಕೂಡಲೇ ಅದರ ವೋಲ್ಟೇಜ್ ಕುಸಿಯುತ್ತದೆ, ಬೋರ್ಡ್ ತನ್ನಷ್ಟಕ್ಕೆ ರೀಸೆಟ್ ಆಗುತ್ತದೆ, ಅರ್ಧ ಎದ್ದ ಸೇತುವೆ ದೋಣಿಯ ತಲೆಯ ಮೇಲೆಯೇ ಧೊಪ್ಪನೆ ಬೀಳುತ್ತದೆ. ಸರ್ವೋಗಳಿಗೆ ಹಳೆಯ ಮೊಬೈಲ್ ಚಾರ್ಜರಿನಿಂದ ಬೇರೆಯಾಗಿ ಐದು ವೋಲ್ಟ್ ಕೊಟ್ಟು, ಗ್ರೌಂಡ್ ವೈರನ್ನು ಬೋರ್ಡಿನ ಗ್ರೌಂಡಿಗೆ ಸೇರಿಸಿದ ಮೇಲೆ ಈ ತೊಂದರೆ ತಪ್ಪಿತು. ಒಂದು ಸರ್ವೋ ಮೊದಲಿನಿಂದಲೇ ಕೆಟ್ಟಿತ್ತು. ಅಂಗಡಿಯವರು ಬಿಲ್ಲನ್ನೂ ಕೇಳದೆ ಬದಲಾಯಿಸಿಕೊಟ್ಟರು. ಕಿಟ್ಟಿನ ಜೊತೆ ಬರುವ ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಶಿಕ್ಷಕರು ಪಕ್ಕದಲ್ಲಿ ಕೂತು ಹೇಳಿಕೊಡಲೇಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಬೋರ್ಡಿನಲ್ಲಿ ಮೊದಲೇ ತುಂಬಿಸಿ ಕಳುಹಿಸಿರುವ ಪ್ರೋಗ್ರಾಂನಲ್ಲಿ ಇರುವುದು ಒಂದೇ ನಿಯಮ: ಸೆನ್ಸರಿನ ಮುಂದೆ ಏನಾದರೂ ಬಂದರೆ ಅಡ್ಡಗಂಬ ಇಳಿಸು, ಸೇತುವೆ ಎತ್ತು, ಬಜರ್ ಬಾರಿಸು. ಮೂರೂ ಒಂದೇ ಕ್ಷಣದಲ್ಲಿ ಆಗುತ್ತವೆ. ಹಲಗೆಯ ಮೇಲೆ ಆಟಿಕೆಯ ಬಸ್ಸು ಇದೆಯೋ ಇಲ್ಲವೋ ಎಂದು ನೋಡುವ ಗೊಡವೆಗೇ ಅದು ಹೋಗುವುದಿಲ್ಲ. ಮೊದಲ ದಿನವೇ ಮಕ್ಕಳ ಕೆಂಪು ಬಸ್ಸು ಹಲಗೆಯಿಂದ ಜಾರಿ ತಟ್ಟೆಯ ನೀರಿಗೆ ಬಿತ್ತು. ಮಕ್ಕಳಿಗೆ ಅದು ದೊಡ್ಡ ಸಂಭ್ರಮ. ಆಟದ ಮಟ್ಟಿಗೆ ನಗುವ ಸಂಗತಿ ಇದು, ಆದರೆ ಲಂಡನ್ನಿನ ಟವರ್ ಬ್ರಿಡ್ಜಿನ ಮೇಲೆ 1952ರ ಡಿಸೆಂಬರ್ 30ರಂದು ಹೀಗೆಯೇ ಆಗಿತ್ತು. 78ನೆಯ ಮಾರ್ಗದ ಎರಡಂತಸ್ತಿನ ಬಸ್ಸು ಸೇತುವೆಯ ಮೇಲಿದ್ದಾಗಲೇ ಹಲಗೆ ಏಳತೊಡಗಿತು. ಚಾಲಕ ಆಲ್ಬರ್ಟ್ ಗಂಟರ್ ಬ್ರೇಕ್ ಒತ್ತುವ ಬದಲು ವೇಗ ಹೆಚ್ಚಿಸಿ, ಇನ್ನೂ ಏಳದಿದ್ದ ಆಚೆಯ ಹಲಗೆಯ ಮೇಲಕ್ಕೆ ಬಸ್ಸನ್ನು ಹಾರಿಸಿ ಪ್ರಯಾಣಿಕರನ್ನು ಉಳಿಸಿದ. ಒಬ್ಬ ಚಾಲಕನ ಸಮಯಪ್ರಜ್ಞೆಯ ಮೇಲೆ ಸುರಕ್ಷತೆ ನಿಂತಿರಬಾರದೆಂದೇ ಇಂಥ ಸೇತುವೆಗಳಿಗೆ ಇಂಟರ್‌ಲಾಕ್ ಇರುತ್ತದೆ: ಮೊದಲು ದೀಪ ಮತ್ತು ಗಂಟೆ, ಆಮೇಲೆ ಅಡ್ಡಗಂಬ, ಆಮೇಲೆ ಹಲಗೆ ಖಾಲಿಯಾಗಿದೆಯೆಂಬ ಖಾತ್ರಿ, ಆಮೇಲೆ ಹಲಗೆಯ ಅಗುಳಿ ತೆಗೆಯುವುದು, ಕಡೆಗೆ ಎತ್ತುವುದು, ಇಳಿಸುವಾಗ ಇದೇ ಕ್ರಮ ತಿರುಗುಮುರುಗು. ಹಿಂದಿನ ಹಂತ ಮುಗಿಯದೆ ಮುಂದಿನ ಹಂತದ ಸ್ವಿಚ್ ಕೆಲಸವನ್ನೇ ಮಾಡಬಾರದು.

ಇದನ್ನು ಮಕ್ಕಳಿಗೆ ವಿವರಿಸಲು ನನಗೆ ಲಂಡನ್ ಬೇಕಾಗಲಿಲ್ಲ, ರೈಲ್ವೆ ಗೇಟೇ ಸಾಕಾಯಿತು. ಇಂಟರ್‌ಲಾಕ್ ಆದ ಗೇಟು ಮುಚ್ಚಿ ಬೀಗ ಬೀಳುವ ತನಕ ರೈಲಿನ ಸಿಗ್ನಲ್ ಹಸಿರಾಗುವುದಿಲ್ಲ. ಇಂಟರ್‌ಲಾಕ್ ಇಲ್ಲದ ಕಡೆ ಗೇಟ್‌ಮನ್ ಗೇಟು ಮುಚ್ಚಿ, ಮುಚ್ಚಿದ್ದಕ್ಕೆ ಖಾತ್ರಿಯಾಗಿ ಸ್ಟೇಷನ್ ಮಾಸ್ಟರರಿಗೆ ಫೋನಿನಲ್ಲಿ ‘ಪ್ರೈವೇಟ್ ನಂಬರ್’ ಎಂಬ ಗುಪ್ತ ಸಂಖ್ಯೆ ಹೇಳಿದ ಮೇಲಷ್ಟೇ ರೈಲು ಹೊರಡುತ್ತದೆ. ಇಂಗ್ಲೆಂಡಿನ ಸಣ್ಣ ಕಾಲುವೆಗಳಲ್ಲಿ ಇದೇ ವಿಚಾರ ಇನ್ನೂ ಸರಳವಾದ ರೂಪದಲ್ಲಿದೆ. ಅಲ್ಲಿ ಬಹಳಷ್ಟು ಸೇತುವೆಗಳಿಗೆ ಕಾವಲುಗಾರರೇ ಇಲ್ಲ. ದೋಣಿಯಲ್ಲಿ ಬಂದವರೇ ದಡಕ್ಕೆ ಇಳಿದು, ತಮ್ಮಲ್ಲಿರುವ ಕೀಲಿಯನ್ನು ನಿಯಂತ್ರಣ ಪೆಟ್ಟಿಗೆಗೆ ಹಾಕಿ, ರಸ್ತೆಯ ತಡೆಯನ್ನು ಮುಚ್ಚಿ, ಸೇತುವೆ ತೆರೆಯಬೇಕು. ಯಂತ್ರದಿಂದ ನಡೆಯುವ ಸೇತುವೆಗಳಲ್ಲಿ ಆ ಕೀಲಿ, ಸೇತುವೆಯನ್ನು ಮತ್ತೆ ಮುಚ್ಚಿ ರಸ್ತೆಯನ್ನು ತೆರೆಯುವ ತನಕ, ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ಕೀಲಿ ಬಿಟ್ಟು ಮುಂದೆ ಹೋದರೆ ಮುಂದಿನ ಸೇತುವೆ ತೆರೆಯಲು ಕೀಲಿ ಇರುವುದಿಲ್ಲ. ಹೀಗಾಗಿ ಸೇತುವೆಯನ್ನು ತೆರೆದಿಟ್ಟು ಓಡಿಹೋಗುವ ಚಪಲ ಯಾರಿಗೂ ಬರುವುದಿಲ್ಲ. ದಂಡದ ಫಲಕಕ್ಕಿಂತ ಈ ಉಪಾಯ ಎಷ್ಟೋ ಜಾಣತನದ್ದು.

ಪ್ರೋಗ್ರಾಂನ ಎರಡನೆಯ ಕೊರತೆ ಇನ್ನೂ ಮೂಲಭೂತವಾದದ್ದು. ಕಿಟ್ಟಿನ ಸೇತುವೆ ಕಂಡದ್ದಕ್ಕೆಲ್ಲ ತೆರೆದುಕೊಳ್ಳುತ್ತದೆ: ಬೆರಳಿಗೆ, ತೇಲುವ ಎಲೆಗೆ, ಸೇತುವೆಯ ಅಡಿಯಲ್ಲಿ ಆರಾಮವಾಗಿ ನುಸುಳಬಲ್ಲ ಕಾಗದದ ದೋಣಿಗೆ. (ಮೂತಿ ಚೂಪಾಗಿರುವ ದೋಣಿಗೆ ಕೆಲವೊಮ್ಮೆ ತೆರೆಯುವುದೇ ಇಲ್ಲ, ಏಕೆಂದರೆ ಓರೆ ಮೈಗೆ ಬಡಿದ ಶಬ್ದ ಬೇರೆಡೆಗೆ ಚಿಮ್ಮಿ ಹೋಗುತ್ತದೆ.) ವಾಸ್ತವದಲ್ಲಿ ಸೇತುವೆ ದೋಣಿಯನ್ನು ನೋಡಿ ತೆರೆಯುವುದಿಲ್ಲ, ದೋಣಿಯವರು ಕೇಳಿದಾಗ ತೆರೆಯುತ್ತದೆ. ಅಮೆರಿಕದಲ್ಲಿ ಎತ್ತುವ ಸೇತುವೆಗಳ ನಿಯಮಗಳನ್ನು ಕೋಸ್ಟ್ ಗಾರ್ಡ್ ಮಾಡುತ್ತದೆ. ಅವು ಅಲ್ಲಿನ ಫೆಡರಲ್ ನಿಯಮಾವಳಿಯ 33ನೆಯ ಶೀರ್ಷಿಕೆಯ 117ನೆಯ ಭಾಗದಲ್ಲಿವೆ. ಅದರ ಪ್ರಕಾರ ದೋಣಿ 4ರಿಂದ 6 ಸೆಕೆಂಡಿನ ಒಂದು ಉದ್ದನೆಯ ಸೀಟಿಯನ್ನೂ, ಅದಾದ 3 ಸೆಕೆಂಡಿನೊಳಗೆ ಸುಮಾರು ಒಂದು ಸೆಕೆಂಡಿನ ಗಿಡ್ಡ ಸೀಟಿಯನ್ನೂ ಊದಬೇಕು. ತೆರೆಯಲು ಸಾಧ್ಯವಿದ್ದರೆ ಸೇತುವೆಯವರು ಅದನ್ನೇ ಮರಳಿ ಊದುತ್ತಾರೆ, ಸಾಧ್ಯವಿಲ್ಲದಿದ್ದರೆ ಐದು ಗಿಡ್ಡ ಸೀಟಿಗಳನ್ನು ಬೆನ್ನುಬೆನ್ನಿಗೆ ಊದುತ್ತಾರೆ. ಉತ್ತರ 30 ಸೆಕೆಂಡಿನೊಳಗೆ ಬರಬೇಕು. ಕೇಳಿದರೆ ವಿನಾಕಾರಣ ತಡಮಾಡದೆ ಪೂರ್ತಿ ತೆರೆಯಬೇಕೆಂಬುದು ಸೇತುವೆಯವರ ಕರ್ತವ್ಯ. ಸೇತುವೆಯ ಕೆಳಗೆ ಸಾಕಷ್ಟು ಎತ್ತರವಿದ್ದರೆ ಕೇಳಬಾರದೆಂಬುದು ದೋಣಿಯವರ ಕರ್ತವ್ಯ.

ನಮ್ಮ ಮಕ್ಕಳು ಈ ಎರಡನೆಯ ನಿಯಮವನ್ನು ಕಿಟ್ಟಿಗೆ ಅಳವಡಿಸಿದ ಬಗೆ ನನಗೆ ಬಹಳ ಹಿಡಿಸಿತು. ಹೆಚ್ಚುವರಿ ಸೆನ್ಸರೊಂದನ್ನು ಮುಚ್ಚಿದ ಹಲಗೆಯ ತಳದಷ್ಟೇ ಎತ್ತರಕ್ಕೆ ಕಟ್ಟಿದರು. ಕೆಳಗಿನ ಸೆನ್ಸರಿಗೆ ಮಾತ್ರ ಕಂಡ ದೋಣಿ ಗಿಡ್ಡ, ಅದು ಹಾಗೆಯೇ ಹೋಗಲಿ. ಎರಡಕ್ಕೂ ಕಂಡರೆ ಪಟಕಂಬ ಎತ್ತರವಾಗಿದೆ, ಆಗ ಮಾತ್ರ ತೆರೆಯುವ ವಿಚಾರ. ಪಟಕಂಬ ತೆಳ್ಳಗಿದ್ದರೆ ಸೆನ್ಸರಿಗೆ ಕಾಣದೆಂದು ಅದಕ್ಕೆ ರಟ್ಟಿನ ಹಾಯಿಯನ್ನೂ ಅಂಟಿಸಿದರು. ಬಜರಿಗೆ ಉದ್ದ-ಗಿಡ್ಡ ಸೀಟಿಯ ಉತ್ತರವನ್ನೂ ಐದು ಗಿಡ್ಡ ಸೀಟಿಯ ನಿರಾಕರಣೆಯನ್ನೂ ಕಲಿಸಿದ ಮೇಲೆ ಪ್ರಯೋಗಶಾಲೆಯ ಪಕ್ಕದ ತರಗತಿಯವರು ದೂರು ತಂದರೆಂಬುದನ್ನೂ ಇಲ್ಲಿ ಹೇಳಬೇಕು.

ಅದಕ್ಕಿಂತ ಹೆಚ್ಚು ಸದ್ದು ಮಾಡಿದ್ದು ಸರದಿಯ ಚರ್ಚೆ. ರಸ್ತೆಯಲ್ಲಿ ನೂರು ಜನ ಕಾಯುತ್ತಿರುವಾಗ ಒಂದು ದೋಣಿಗೆ ಏಕೆ ಮಣೆ ಹಾಕಬೇಕು ಎಂದು ಹುಡುಗರು ವಾದಿಸಿದರು. ಗೊರೂರಿನ ಕಡೆಯಿಂದ ಬರುವ ಹುಡುಗಿಯೊಬ್ಬಳು, “ಮೇಡಂ, ದೋಣಿಗೆ ಬ್ರೇಕ್ ಇರುತ್ತಾ? ನೀರು ತಳ್ಕೊಂಡು ಹೋಗಲ್ವಾ?” ಎಂದು ಕೇಳಿದಳು. ನೀರಿನ ಸಂಚಾರಕ್ಕೆ ಹಳೆಯ ಕಾಲದಿಂದ ಮೊದಲ ಹಕ್ಕು ಉಳಿದುಬಂದಿರುವುದಕ್ಕೆ ಇರುವ ಬಲವಾದ ಕಾರಣಗಳಲ್ಲಿ ಇದೂ ಒಂದು: ಸೆಳೆತದಲ್ಲಿ ಬರುವ ದೋಣಿ ರಸ್ತೆಯ ಗಾಡಿಯಂತೆ ನಿಂತಲ್ಲಿ ನಿಲ್ಲಲಾರದು. ಟವರ್ ಬ್ರಿಡ್ಜಿನಲ್ಲಿ ಇಂದಿಗೂ 24 ಗಂಟೆ ಮುಂಚಿತವಾಗಿ ತಿಳಿಸಿದ ಎತ್ತರದ ಹಡಗಿಗೆ ಶುಲ್ಕವಿಲ್ಲದೆ ಸೇತುವೆ ಎತ್ತುತ್ತಾರೆ. ವರ್ಷಕ್ಕೆ ಸುಮಾರು 800 ಸಲ ಹೀಗೆ ಏಳುತ್ತದೆ. 1997ರಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಕಾರುಗಳ ಸಾಲನ್ನೇ ನಿಗದಿಯಾದ ಹೊತ್ತಿಗೆ ಬಂದ ದೋಣಿಯೊಂದಕ್ಕಾಗಿ ಎರಡು ತುಂಡಾಗಿಸಿದ ಸೇತುವೆ ಅದು. ಇಷ್ಟಾದರೂ ರಸ್ತೆಯವರ ಪಾಡನ್ನು ನಿಯಮಗಳು ಮರೆತಿಲ್ಲ. ಅಮೆರಿಕದ ಅನೇಕ ಸಣ್ಣ ಹೊಳೆಗಳ ಸೇತುವೆಗಳಿಗೆ, ಬೆಳಿಗ್ಗೆ ಮತ್ತು ಸಂಜೆ ಕಚೇರಿಗೆ ಹೋಗಿಬರುವ ಹೊತ್ತಿನಲ್ಲಿ ತೆರೆಯಬೇಕಾಗಿಲ್ಲ, ಗಂಟೆಗೊಮ್ಮೆ ಅಥವಾ ಅರ್ಧ ಗಂಟೆಗೊಮ್ಮೆ ತೆರೆದರೆ ಸಾಕು, ಇಲ್ಲವೇ ಮುಂಚಿತವಾಗಿ ತಿಳಿಸಿದರೆ ಮಾತ್ರ ತೆರೆಯಬೇಕು ಎಂಬಂಥ ಪ್ರತ್ಯೇಕ ನಿಯಮಗಳಿವೆ. ಇವನ್ನು ಖಾಯಂ ಆಗಿ ಬದಲಾಯಿಸಬೇಕಾದರೆ ಪ್ರಸ್ತಾವವನ್ನು ಪ್ರಕಟಿಸಿ, ದೋಣಿಯವರ ಮತ್ತು ರಸ್ತೆಯವರ ಅಭಿಪ್ರಾಯ ಕೇಳಬೇಕಾಗುತ್ತದೆ. ಆಂಬ್ಯುಲೆನ್ಸಿನಂಥ ತುರ್ತು ವಾಹನ ಬರುತ್ತಿದೆಯೆಂದು ಖಚಿತ ಮೂಲದಿಂದ ತಿಳಿದರೆ, ಅದು ಬರುವಷ್ಟರಲ್ಲಿ ಸೇತುವೆ ಮುಚ್ಚಿರುವಂತೆ ನೋಡಿಕೊಳ್ಳಬೇಕೆಂಬುದೂ ಅದೇ 117ನೆಯ ಭಾಗದಲ್ಲಿದೆ. ಮಕ್ಕಳು ಇದಕ್ಕೆಂದು ಒಂದು ಒತ್ತುಗುಂಡಿ ಸೇರಿಸಿದರು. ಶಾಲೆ ಬಿಡುವ ಹೊತ್ತಿನಲ್ಲಿ ಸೇತುವೆ ತೆರೆಯಕೂಡದೆಂಬ ತಮ್ಮದೇ ನಿಯಮವನ್ನು ಬಹುಮತದಿಂದ ಪಾಸು ಮಾಡಿಕೊಂಡರು.

ಕೈಪಿಡಿಯಲ್ಲಿ ಇದಾವುದರ ಸುಳಿವೂ ಇಲ್ಲ. ಭಾರತದ ಉದಾಹರಣೆಯೆಂದು ರಾಮೇಶ್ವರಕ್ಕೆ ಹೋಗುವ ಪಾಂಬನ್ ರೈಲು ಸೇತುವೆಯ ಒಂದು ಚಿತ್ರವಿದೆ, ಅದೂ ಹಳೆಯದು. 1914ರಲ್ಲಿ ತೆರೆದ ಆ ಸೇತುವೆಯ ಎರಡು ಹಲಗೆಗಳನ್ನು ಕಾರ್ಮಿಕರು ಕೈಯಿಂದ ಸನ್ನೆ ತಿರುಗಿಸಿ ಎತ್ತುತ್ತಿದ್ದರು. ಅದರ ಪಕ್ಕದಲ್ಲಿ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್ 6ರಂದು ಉದ್ಘಾಟನೆಯಾಯಿತು, ಅದರ 72.5 ಮೀಟರ್ ಉದ್ದದ ಭಾಗ ಲಿಫ್ಟಿನಂತೆ ನೇರವಾಗಿ 17 ಮೀಟರ್ ಮೇಲೇರುತ್ತದೆ. ರೈಲು ಮತ್ತು ಹಡಗು ಒಂದೇ ಜಾಗದಲ್ಲಿ ಹಾಯುವ ಈ ಉದಾಹರಣೆಯನ್ನು ಕೈಯಲ್ಲಿಟ್ಟುಕೊಂಡು ತಯಾರಕರು ನಿಯಮಗಳ ಬಗ್ಗೆ ಎರಡು ಪುಟ ಬರೆಯಬಹುದಾಗಿತ್ತು. ಆ ಜಾಗವನ್ನು ತಮ್ಮ ಇತರ ಕಿಟ್ಟುಗಳ ಜಾಹೀರಾತಿಗೆ ಕೊಟ್ಟಿದ್ದಾರೆ.

ಆದ್ದರಿಂದ ಪೆಟ್ಟಿಗೆಯ ಮೇಲಿನ ‘ಸಂಪೂರ್ಣ ನಿಯಂತ್ರಣ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಅದೂ ಮರದ ಕೆಲಸಕ್ಕೆ ಮತ್ತು ಪ್ರತಿಭಾರದ ಗೂಡಿಗೆ. ನಾಳೆಯ ವಸ್ತುಪ್ರದರ್ಶನಕ್ಕೆ ಇಂದು ಸಂಜೆ ಏನಾದರೂ ಬೇಕೆಂದು ಓಡಿಬರುವ ಪೋಷಕರಿಗೆ ಇದು ತಕ್ಕದ್ದಲ್ಲ. ಪ್ರೋಗ್ರಾಂ ತಿದ್ದಲು ಬರುವ ಶಿಕ್ಷಕರು ಅಥವಾ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಕೈಯಾರೆ ಮಾಡಿ ಕಲಿಯುವ ಸರ್ಕಾರಿ ಯೋಜನೆಯ ಪ್ರಯೋಗಶಾಲೆ) ಇರುವ ಶಾಲೆಯವರು ಧಾರಾಳವಾಗಿ ಕೊಳ್ಳಬಹುದು, ಏಕೆಂದರೆ ಪ್ರೋಗ್ರಾಂಗೆ ಬೀಗ ಹಾಕಿಲ್ಲ, ಪೂರ್ತಿ ತೆರೆದು ತಿದ್ದಬಹುದು. ಕೊಳ್ಳುವಾಗಲೇ ಹಲಗೆಯ ಮೇಲಿನ ವಾಹನ ಗುರುತಿಸಲು ಎರಡು ಐಆರ್ (ಅವಕೆಂಪು ಕಿರಣದ) ಸೆನ್ಸರುಗಳು, ದೋಣಿಯ ಎತ್ತರ ನೋಡಲು ಇನ್ನೊಂದು ಅಲ್ಟ್ರಾಸಾನಿಕ್ ಸೆನ್ಸರ್ ಮತ್ತು ಎರಡು ಒತ್ತುಗುಂಡಿಗಳನ್ನು ಅದೇ ಅಂಗಡಿಯಲ್ಲಿ ಬಿಡಿಯಾಗಿ ತೆಗೆದುಕೊಳ್ಳುವುದು ಒಳ್ಳೆಯದು. ಕಿಟ್ಟಿನ ಬೆಲೆಯ ಮುಂದೆ ಆ ಖರ್ಚು ಲೆಕ್ಕಕ್ಕಿಲ್ಲ, ಒಂಬತ್ತು ವೋಲ್ಟಿನ ಬ್ಯಾಟರಿಯನ್ನಂತೂ ಪೆಟ್ಟಿಗೆಯಲ್ಲೇ ಬಿಟ್ಟುಬಿಡಬಹುದು.