ದರಪಟ್ಟಿ ವೆಬ್‌ಸೈಟಿಗೆ ಹಾಕಬೇಕಾ, ಒಪ್ಪಂದ ಸಾಕಾ?

ಅಮೆರಿಕದಲ್ಲಿ ಬಂದರು ಟರ್ಮಿನಲ್ ನಡೆಸುವವರು ದರಪಟ್ಟಿಯನ್ನು ಎಲ್ಲರಿಗೂ ತೋರಿಸಲೇಬೇಕು ಅಂತಿಲ್ಲ. ಆದರೆ ತಮ್ಮ ವಿವರ ತಿಳಿಸುವ ಎಫ್‌ಎಂಸಿ-1 ಫಾರಂ ಅನ್ನು ಕೆಲಸ ಶುರು ಮಾಡುವ ಮೊದಲೇ ಫೆಡರಲ್ ಮ್ಯಾರಿಟೈಮ್ ಕಮಿಷನ್‌ಗೆ (ಹಡಗು ಸಾಗಣೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಸಲ್ಲಿಸಬೇಕು.

ನಿಜವಾದ ವ್ಯತ್ಯಾಸ ಇರುವುದು ವಸೂಲಿಯಲ್ಲಿ. ಪರಿಚಯವೇ ಇಲ್ಲದ ಆಮದುದಾರರ ಕಂಟೇನರ್ ಯಾರ್ಡಿನಲ್ಲಿ ನಾಲ್ಕು ದಿನ ಜಾಸ್ತಿ ಕೂತಿತು ಅನ್ನಿ. 'ನಿಮ್ಮ ದರ ನನಗೆ ಗೊತ್ತೇ ಇರಲಿಲ್ಲ' ಅಂತಾರೆ. ಪಟ್ಟಿ ಬಹಿರಂಗವಾಗಿದ್ದರೆ ಆ ಮಾತು ನಡೆಯುವುದಿಲ್ಲ. ಕೋರ್ಟ್ ಅದನ್ನು ಒಪ್ಪಂದದಂತೆಯೇ ನೋಡುತ್ತದೆ. ಆದರೆ ಅದೇ ಸೇವೆಗೆ ಬೇರೆ ಲಿಖಿತ ಒಪ್ಪಂದ ಇದ್ದರೆ ಪಟ್ಟಿ ಬದಿಗೆ ಸರಿಯುತ್ತದೆ. ಇದನ್ನು ಸುಮಾರು ಜನ ಮರೆಯುತ್ತಾರೆ.

ಗಿರಾಕಿಗೊಂದು ದರ ಚೌಕಾಸಿ ಮಾಡಬೇಕಾದರೆ ಒಪ್ಪಂದವೇ ಸಲೀಸು.

ಕಾಗದದ ಕೆಲಸ? ಒಪ್ಪಂದದ ದಾರಿ ಹಿಡಿದರೆ ಕಡಿಮೆ ಆಗುತ್ತೆ ಅಂದುಕೊಳ್ಳಬೇಡಿ. ಪಟ್ಟಿ ಮಾಡಿಕೊಂಡಿದ್ದರೆ, ತೋರಿಸಿದರೂ ತೋರಿಸದಿದ್ದರೂ, 5 ವರ್ಷದ ಪ್ರತಿಗಳನ್ನು ಇಟ್ಟಿರಬೇಕು. ಡೆಮರೇಜ್ (ಕಂಟೇನರ್ ಹೆಚ್ಚು ದಿನ ಕೂತದ್ದಕ್ಕೆ ಹಾಕುವ ಶುಲ್ಕ) ಬಿಲ್ಲನ್ನು 30 ದಿನದೊಳಗೆ ಕಳಿಸಬೇಕೆಂಬ 2024ರ ನಿಯಮವೂ ಪಟ್ಟಿ ಹಾಕಿದ್ದೀರಾ ಅಂತ ಕೇಳುವುದಿಲ್ಲ.

ಎರಡೋ ಮೂರೋ ಖಾಯಂ ಹಡಗು ಕಂಪನಿಗಳಷ್ಟೇ ಇದ್ದರೆ ಒಪ್ಪಂದ ಸಾಕು. ದಿನಾ ಹೊಸ ಮುಖಗಳು ಬರುವ ಟರ್ಮಿನಲ್ ಆದರೆ ಪಟ್ಟಿ ಹಾಕಿಬಿಡಿ.